ಕಲ್ಲಿನ ತೇರಿನ ಮುಂದೆ

ಕಾಲಿದ್ದವರು ಹಂಪೆಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬ ಗಾದೆ ತುಂಗಭದ್ರೆಯ ಎರಡು ದಂಡೆಗಳಲ್ಲಿಯೂ ಬಹಳ ಹಳೆಯದು. ಈ ಮಾತನ್ನು ಕಟ್ಟಿದವರ ಕಾಲಕ್ಕೆ ಹಂಪೆಯನ್ನು ನೋಡುವುದೆಂದರೆ ನಡೆಯುವುದೆಂದೇ ಅರ್ಥವಾಗಿತ್ತು. ವಿರೂಪಾಕ್ಷನ ರಥಬೀದಿಯಿಂದ ಹೊರಟು, ಬಂಡೆಗಳ ಸಂದಿಯಲ್ಲಿ ಏರಿ ಇಳಿದು, ಹೊಳೆಯ ದಂಡೆಯನ್ನು ಹಿಡಿದು ವಿಠಲನ ಗುಡಿಯನ್ನು ಮುಟ್ಟುವ ಹೊತ್ತಿಗೆ ಮೊಣಕಾಲ ಚಿಪ್ಪು ಸಡಿಲವಾಗದೆ ಉಳಿದ ಯಾತ್ರಿಕನು ಪುಣ್ಯವಂತನೇ ಸರಿ. ಈಗ ಕಾಲಿನ ಕೆಲಸವನ್ನು ಬಹುಮಟ್ಟಿಗೆ ವಾಹನವೂ, ಕಣ್ಣಿನ ಕೆಲಸವನ್ನು ಬಹುಮಟ್ಟಿಗೆ ಕ್ಯಾಮೆರಾವೂ ವಹಿಸಿಕೊಂಡಿರುವುದರಿಂದ, ಗಾದೆಗೆ ಹೊಸದೊಂದು ತುಂಡನ್ನು ಸೇರಿಸಬೇಕಾದ ಕಾಲ ಬಂದಿದೆಯೋ ಏನೋ.

ಕಳೆದ ಮಾರ್ಗಶಿರ ಮಾಸದ ಒಂದು ಬೆಳಗ್ಗೆ ವಿಠಲನ ಗುಡಿಯ ಅಂಗಳದಲ್ಲಿ, ಮಂಟಪವೊಂದರ ನೆರಳಿಗೆ ಕುಳಿತು, ಸುಮಾರು ಒಂದು ಗಂಟೆಯ ಹೊತ್ತು ನಾನು ನೋಡಿದುದು ಕಲ್ಲಿನ ತೇರನ್ನಲ್ಲ, ಆ ತೇರನ್ನು ಪಟಕ್ಕೆ ಹಿಡಿಯಲು ಬಂದವರನ್ನು. ಬಂದವರೆಲ್ಲರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರು. ತೇರಿನ ಎರಡು ಚಕ್ರಗಳೂ ಮುಂದಿನ ಆನೆಯೂ ಒಟ್ಟಿಗೆ ಕಾಣುವ, ಮುಂಭಾಗಕ್ಕೆ ಸ್ವಲ್ಪ ಓರೆಯಾದ ಒಂದು ಕೋನವನ್ನು ಯಾರೂ ಹೇಳಿಕೊಡದೆ ಎಲ್ಲರೂ ಬಲ್ಲರು. ಮಾತಿನ ಧಾಟಿಯಿಂದ ಗದಗಿನ ಕಡೆಯವರೆಂದು ತೋರುತ್ತಿದ್ದ ಒಂದು ಸಂಸಾರದಲ್ಲಿ ಮಾತ್ರ ಈ ವ್ಯವಸ್ಥೆಗೆ ಭಂಗ ಬಂದಿತು. ಮಗ, ಸೊಸೆ, ಮೊಮ್ಮಕ್ಕಳೆಲ್ಲರೂ ಕ್ಯಾಮೆರಾಕ್ಕೆ ಮುಖಮಾಡಿ ಸಾಲಾಗಿ ನಿಂತಿರಲು, ಮುದುಕಿಯೊಬ್ಬಳು ತೇರಿನ ಕಡೆಗೆ ತಿರುಗಿ ಕೈಮುಗಿದು ನಿಂತುಬಿಟ್ಟಳು.

“ಯವ್ವಾ, ಈ ಕಡೆ ಹೊಳ್ಳಿ ನಿಂದ್ರ. ಫೋಟೋದಾಗ ನಿನ್ನ ಬೆನ್ನ ಅಷ್ಟ ಬರತೈತಿ.”

“ದೇವರಿಗೆ ಬೆನ್ನ ಹೆಂಗ ಮಾಡ್ಲೋ?”

“ಒಳಗ ದೇವರ ಇಲ್ಲಬೇ, ಬರೇ ಕಲ್ಲ ಐತಿ.”

“ಮೊದಲ ಇದ್ದನಲ್ಲ,” ಎಂದಳು ಮುದುಕಿ.

ಆಕೆಯ ಮಾತು ಇತಿಹಾಸದ ದೃಷ್ಟಿಯಿಂದಲೂ ಸರಿಯಾದುದು. ನಾವು ತೇರೆಂದು ಕರೆಯುವ ಈ ಕಟ್ಟಡವು ತೇರಿನ ಆಕಾರದಲ್ಲಿ ಕಡೆದ ಒಂದು ಗರುಡನ ಗುಡಿ. ಸ್ವಾಮಿಯ ಎದುರಿಗೆ ವಾಹನವು ಸನ್ನದ್ಧವಾಗಿ ನಿಂತಿರಬೇಕೆಂಬ ಸಂಪ್ರದಾಯಕ್ಕೆ ಅನುಸಾರವಾಗಿ ಕಟ್ಟಿದುದು. ಒಳಗಿದ್ದ ಗರುಡನೀಗ ಇಲ್ಲ. ಅದನ್ನು ಎಳೆಯುವಂತೆ ಮುಂದೆ ನಿಂತಿರುವ ಎರಡು ಆನೆಗಳೂ ಮೂಲದವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ ಹಿಂದೊಮ್ಮೆ ಅಲ್ಲಿದ್ದ ಕುದುರೆಗಳ ಹಿಂಗಾಲುಗಳು ಇನ್ನೂ ಕಲ್ಲಿಗೆ ಅಂಟಿಕೊಂಡಿರುವುದು ಕಾಣುತ್ತದೆ. ಇವೆರಡಕ್ಕಿಂತ ದೊಡ್ಡದಾದ ಇನ್ನೊಂದು ಲೋಪವೂ ಈ ತೇರಿಗೆ ಉಂಟು. ಅದು ಒಂದು ಹಳೆಯ ಪಟದಿಂದಲ್ಲದೆ ನಮಗೆ ಸರಿಯಾಗಿ ತಿಳಿಯುವಂತಿರಲಿಲ್ಲವಾದುದರಿಂದ, ಅದನ್ನು ಹೇಳುವುದಕ್ಕೆ ಮೊದಲು ಪಟಗಳ ಚರಿತ್ರೆಯನ್ನೇ ಸ್ವಲ್ಪ ಹೇಳಬೇಕಾಗಿದೆ.

ತನ್ನ ರೂಪವನ್ನು ತಾನೇ ಚಿತ್ರಿಸಿಕೊಳ್ಳುವ ಅಭಿಲಾಷೆ ವಿಜಯನಗರಕ್ಕೆ ಮೊದಲಿನಿಂದಲೂ ಇದ್ದಿತು. ಮಹಾನವಮಿ ದಿಬ್ಬದ ಸುತ್ತಿನ ಕಲ್ಲಿನ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬೇಟೆಗಾರರು, ನರ್ತಕಿಯರು, ಕೋಲಾಟದವರು, ಪರದೇಶದ ಉಡುಪಿನವರು ಸಾಲುಗಟ್ಟಿ ಸಾಗುತ್ತಿರುವುದನ್ನು ನೋಡಿದರೆ, ಒಂದು ರಾಜಧಾನಿಯು ತನ್ನ ಹಬ್ಬದ ದಿನದ ವೈಭವವನ್ನು ಮುಂದಿನವರಿಗಾಗಿ ಹಿಡಿದಿಟ್ಟಂತೆ ತೋರುತ್ತದೆ. ವಿರೂಪಾಕ್ಷನ ರಂಗಮಂಟಪದ ಮೇಲ್ಛಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯ ವರ್ಣಚಿತ್ರವಿದೆ. ಹೊರಗಿನಿಂದ ಬಂದವರು ಮಾತಿನಲ್ಲಿ ಚಿತ್ರ ಬರೆದರು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನೂ, 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸಿನ ಡೊಮಿಂಗೊ ಪಾಯೆಸನೂ ಬರೆದಿಟ್ಟ ವರ್ಣನೆಗಳು ಪ್ರಸಿದ್ಧವಾದುವು. ಪಾಯೆಸನು ಒಂದು ಗುಡ್ಡವನ್ನು ಹತ್ತಿ, ಅಲ್ಲಿಂದ ಊರನ್ನು ನೋಡಿ, ಅದು ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತೆಂದು ಹೇಳಿದನು. ಇಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಸೂರ್ಯೋದಯದ ಪಟಕ್ಕಾಗಿ ಮತಂಗಪರ್ವತವನ್ನು ಹತ್ತುವ ಯುವಕರು ತಮಗರಿಯದೆ ಪಾಯೆಸನ ಪದ್ಧತಿಯನ್ನೇ ನಡೆಸುತ್ತಿದ್ದಾರೆ. ಊರನ್ನು ಹಿಡಿಯಬೇಕಾದರೆ ಮೊದಲು ಎತ್ತರಕ್ಕೆ ಹೋಗಬೇಕೆಂಬುದನ್ನು ಅವನು ಕ್ಯಾಮೆರಾ ಇಲ್ಲದೆಯೇ ಕಂಡುಕೊಂಡಿದ್ದನು.

ಆದರೆ ಹಂಪೆಯಲ್ಲಿ ಕ್ಯಾಮೆರಾ ಇರಲಿಲ್ಲವೆಂದು ಹೇಳುವಂತೆಯೂ ಇಲ್ಲ. ವಿರೂಪಾಕ್ಷನ ದೇವಾಲಯದ ಹಿಂಭಾಗದಲ್ಲಿ, ಕೆಲವು ಮೆಟ್ಟಿಲುಗಳನ್ನು ಏರಿದರೆ ಸಿಕ್ಕುವ ಒಂದು ಕತ್ತಲೆಯ ಎಡೆಯಲ್ಲಿ, ಪೂರ್ವದ ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕು ಪಶ್ಚಿಮದ ಗೋಡೆಯ ಮೇಲೆ ಬಿದ್ದು, ಸುಮಾರು ಐವತ್ತು ಮೀಟರ್ ಎತ್ತರದ ಒಂಬತ್ತು ನೆಲೆಯ ಹೆಬ್ಬಾಗಿಲ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಕಳಶಗಳು ಕೆಳಗೆ, ಬಾಗಿಲು ಮೇಲೆ. ಮಾರ್ಗದರ್ಶಿಯು ಒಂದು ಬಿಳಿಯ ಕಾಗದವನ್ನು ಅಡ್ಡ ಹಿಡಿದನೆಂದರೆ ಬಿಂಬವು ಇನ್ನೂ ಸ್ಫುಟವಾಗುತ್ತದೆ. ಇದು ನಮ್ಮ ಪೂರ್ವಿಕರು ಬುದ್ಧಿಪೂರ್ವಕವಾಗಿ ಮಾಡಿದ ಯಂತ್ರವೆಂದು ಅವನು ಪ್ರತಿಜ್ಞೆ ಮಾಡಿ ಹೇಳುತ್ತಾನೆ. ನನಗೆ ಅಷ್ಟು ಧೈರ್ಯವಿಲ್ಲ. ಬೆಳಕು ನೆಟ್ಟಗೆ ಸಾಗುವುದೆಂಬ ಒಂದೇ ನಿಯಮದಿಂದ ಗೋಪುರದ ತುದಿಯ ಕಿರಣವು ಕಿಂಡಿಯನ್ನು ಹಾಯ್ದು ಗೋಡೆಯ ಕೆಳಕ್ಕೂ, ಬುಡದ ಕಿರಣವು ಮೇಲಕ್ಕೂ ಬೀಳಲೇಬೇಕಷ್ಟೆ. ಹಳೆಯ ಹಂಚಿನ ಮನೆಗಳಲ್ಲಿ ಬೇಸಗೆಯ ಮಧ್ಯಾಹ್ನ ಮಲಗಿದವರು, ಬೀದಿಯಲ್ಲಿ ಹೋಗುವ ಎತ್ತಿನ ಗಾಡಿ ಬಾಗಿಲ ಬಿರುಕಿನಿಂದ ಬಂದು ಗೋಡೆಯ ಮೇಲೆ ತಲೆಕೆಳಗಾಗಿ ತೇಲಿಹೋಗುವುದನ್ನು ಕಂಡಿರಬಹುದು. ಅರಬ್ಬೀ ವಿದ್ವಾಂಸನಾದ ಇಬ್ನ್ ಅಲ್ ಹೈಥಮನು 11ನೆಯ ಶತಮಾನದಲ್ಲಿಯೇ ಇದರ ತತ್ತ್ವವನ್ನು ವಿವರಿಸಿದ್ದಾನೆ. ಲ್ಯಾಟಿನ್ ಭಾಷೆಯಲ್ಲಿ ಕ್ಯಾಮೆರಾ ಎಂದರೆ ಕೋಣೆ. ಆದುದರಿಂದ ಉದ್ದೇಶವಿದ್ದಿರಲಿ ಇಲ್ಲದಿರಲಿ, ಹಂಪೆಯ ಮೊದಲನೆಯ ಕ್ಯಾಮೆರಾ ಈ ಕೋಣೆಯೇ ಎನ್ನುವುದರಲ್ಲಿ ತಪ್ಪಿಲ್ಲ. ಅದಕ್ಕೆ ಕೊರತೆಯಾಗಿದ್ದುದು ನೆರಳನ್ನು ಹೋಗಗೊಡದೆ ನಿಲ್ಲಿಸತಕ್ಕ ಉಪಾಯವೊಂದೇ.

ಆ ಉಪಾಯವನ್ನು 1839ರ ಆಗಸ್ಟ್ 19ರಂದು ಪ್ಯಾರಿಸಿನಲ್ಲಿ ಲೋಕಕ್ಕೆ ಬಹಿರಂಗಪಡಿಸಲಾಯಿತು. ಡಾಗೇರನ ಬೆಳ್ಳಿಯ ತಗಡಿನ ಪಟವು ಪ್ರಕಟವಾದ ಮರುವರ್ಷದಿಂದಲೇ ಲೆರೆಬೂರ್ ಎಂಬ ಕನ್ನಡಕ, ದುರ್ಬೀನುಗಳ ವ್ಯಾಪಾರಿಯು ಲೋಕದ ಪ್ರಸಿದ್ಧ ಕಟ್ಟಡಗಳ ನೋಟಗಳನ್ನು, ತಗಡಿನಿಂದ ನೇರವಾಗಿ ಅಚ್ಚುಹಾಕುವಂತಿಲ್ಲದ ಕಾರಣ ಕೆತ್ತನೆಗಾರರಿಂದ ತಿದ್ದಿ ಕೊರೆಯಿಸಿ, ಸಂಪುಟಗಳಾಗಿ ಹೊರತರಲು ಆರಂಭಿಸಿದನೆಂಬುದು ಗಮನಾರ್ಹವಾದ ಸಂಗತಿ. ಪಟ ಹಿಡಿಯುವ ವಿದ್ಯೆಯು ಕಣ್ಣು ಬಿಟ್ಟ ಕೂಡಲೇ ಹೊರಟದ್ದು ಪ್ರವಾಸಕ್ಕೆ. ಅದಕ್ಕೆ ಕಾರಣವೂ ಸರಳವಾದುದೇ. ಆಗಿನ ತಗಡು ಬೆಳಕನ್ನು ಉಣ್ಣುವುದಕ್ಕೆ ನಿಮಿಷಗಟ್ಟಲೆ ಹೊತ್ತು ಬೇಕಾಗುತ್ತಿದ್ದಿತು. ಮನುಷ್ಯನು ಅಷ್ಟು ಹೊತ್ತು ಅಲುಗದೆ ಇರಲಾರ, ಗೋಪುರವು ಇರಬಲ್ಲುದು. ಡಾಗೇರನು 1838ರಲ್ಲಿ ಹಿಡಿದ ಪ್ಯಾರಿಸಿನ ಒಂದು ಹೆದ್ದಾರಿಯ ನೋಟದಲ್ಲಿ ಜನಸಂದಣಿಯೆಲ್ಲ ಮಾಯವಾಗಿ, ಬೂಟು ಪಾಲಿಶು ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದ ಒಬ್ಬ ಪುಣ್ಯಾತ್ಮ ಮಾತ್ರ ಉಳಿದುಕೊಂಡಿದ್ದಾನೆ.

ನಮ್ಮ ಹಂಪೆಗೆ ಆ ವಿದ್ಯೆ ಬರುವುದಕ್ಕೆ ಅರ್ಧ ಶತಮಾನದ ಹಿಂದೆಯೇ, ಅಂದರೆ 1800ರ ಸುಮಾರಿಗೆ, ಕಾಲಿನ್ ಮೆಕೆಂಜಿಯ ಮೋಜಣಿಯ ತಂಡವು ಇಲ್ಲಿಯ ಹಾಳುಗಳ ನಕ್ಷೆಯನ್ನೂ ಬಣ್ಣದ ಚಿತ್ರಗಳನ್ನೂ ಸಿದ್ಧಪಡಿಸಿದ್ದಿತು. ಚಿತ್ರಗಾರನ ಕೈ ಎಷ್ಟೇ ಪ್ರಾಮಾಣಿಕವಾದರೂ ಅದಕ್ಕೊಂದು ಮನಸ್ಸುಂಟು. ಬೇಡವಾದ ಗಿಡವನ್ನು ಅದು ಬಿಟ್ಟುಬಿಡುತ್ತದೆ, ವಾಲಿದ ಕಂಬವನ್ನು ನೆಟ್ಟಗೆ ಮಾಡುತ್ತದೆ. 1850ರ ದಶಕದಲ್ಲಿ ಕಂಪೆನಿ ಸರ್ಕಾರದವರು ಪುರಾತನ ಕಟ್ಟಡಗಳ ದಾಖಲೆಗೆ ಲೇಖನಿ ಕುಂಚಗಳಿಗಿಂತ ಈ ಹೊಸ ಯಂತ್ರವೇ ಮೇಲೆಂದು ಬಗೆದು ಅದಕ್ಕೆ ಪ್ರೋತ್ಸಾಹ ಕೊಡತೊಡಗಿದರು. 1854ರಲ್ಲಿ ಲಿನೇಯಸ್ ಟ್ರೈಪನೂ ವೈದ್ಯನಾದ ಆಂಡ್ರೂ ನೀಲನೂ ಬೇಲೂರು ಹಳೇಬೀಡುಗಳಲ್ಲಿ ಪಟಗಳನ್ನು ತೆಗೆದರು. ಅದಾದ ಎರಡು ವರ್ಷಗಳಲ್ಲಿ, ಸಿಪಾಯಿ ದಂಗೆಗೆ ಒಂದು ವರ್ಷ ಮುಂಚೆ, ಮದ್ರಾಸಿನ 46ನೆಯ ಪದಾತಿ ದಳದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಜಾನ್ ಗ್ರೀನ್‌ಲಾ ಎಂಬಾತನು ಹಂಪೆಯನ್ನು ಹೊಕ್ಕನು.

ಗ್ರೀನ್‌ಲಾನ ಸಾಮಗ್ರಿಯನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಅವನ ನೆಗೆಟಿವುಗಳು ಗಾಜಿನವಲ್ಲ, ಕಾಗದದವು. ಒಂದೊಂದೂ ಹದಿನಾರು ಅಂಗುಲ ಅಗಲ, ಹದಿನೆಂಟು ಅಂಗುಲ ಉದ್ದ, ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೊಳದುದ್ದದ ಹಾಳೆ. ಅಂದಿನ ದಿನಗಳಲ್ಲಿ ಪಟವನ್ನು ದೊಡ್ಡದು ಮಾಡುವ ಸುಲಭವಾದ ದಾರಿಯಿರಲಿಲ್ಲ. ನೆಗೆಟಿವನ್ನು ಇನ್ನೊಂದು ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಹಿಡಿದು ಅಚ್ಚು ತೆಗೆಯುತ್ತಿದ್ದರಾದುದರಿಂದ, ದೊಡ್ಡ ಪಟ ಬೇಕಾದವನು ದೊಡ್ಡ ಪೆಟ್ಟಿಗೆಯನ್ನೇ ಹೊರಿಸಬೇಕಾಗಿದ್ದಿತು. ಒಳ್ಳೆಯ ಕಾಗದವನ್ನು ಪೊಟ್ಯಾಸಿಯಂ ಅಯೊಡೈಡಿನಿಂದ ಹದಗೊಳಿಸಿ ಒಣಗಿಸುವುದು, ಮೋಂಬತ್ತಿಯ ಮಂದ ಬೆಳಕಿನಲ್ಲಿ ಅದಕ್ಕೆ ಬೆಳ್ಳಿಯ ನೈಟ್ರೇಟನ್ನು ಸವರುವುದು, ಪೆಟ್ಟಿಗೆಯಲ್ಲಿಟ್ಟು ಬೆಳಕಿಗೆ ಒಡ್ಡುವುದು, ಆಮೇಲೆ ಕತ್ತಲೆಯಲ್ಲಿ ಗ್ಯಾಲಿಕ್ ಆಮ್ಲದಿಂದ ಬಿಂಬವನ್ನು ಬರಿಸುವುದು, ಹೈಪೋವಿನಲ್ಲಿ ಅದನ್ನು ಸ್ಥಿರಗೊಳಿಸಿ ತೊಳೆಯುವುದು, ಕಾಗದದ ಎಳೆಗಳು ಅಚ್ಚಿನಲ್ಲಿ ಕಾಣದಂತೆ ಮೇಣವನ್ನು ಕಾಯಿಸಿ ತೀಡಿ ಅದನ್ನು ಪಾರದರ್ಶಕವಾಗಿ ಮಾಡುವುದು. ಕಾಗದದ ನೆಗೆಟಿವಿನ ಕೆಲಸವೆಂದರೆ ಇಷ್ಟು. ಇದರಲ್ಲಿ ಗ್ಯಾಲಿಕ್ ಆಮ್ಲವೆಂಬುದು ನಮಗೆ ತೀರ ಅಪರಿಚಿತವಾದುದೇನಲ್ಲ. ನಮ್ಮ ಅಜ್ಜಿಯಂದಿರು ಬಾಣಂತಿಯ ಮದ್ದಿಗೆ ತೇಯುತ್ತಿದ್ದ ಮಾಚಿಕಾಯಿಯ ಒಗರಿನಲ್ಲಿ ಇರುವುದೂ ಅದೇ ಜಾತಿಯ ಸತ್ತ್ವ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟನ್ನು ಹೊಯ್ಯುವ ಪದ್ಧತಿ 1851ರಲ್ಲಿಯೇ ಬಂದಿದ್ದರೂ, ಅದನ್ನು ಹಸಿಯಾಗಿರುವಾಗಲೇ ಒಡ್ಡಿ, ಹಸಿಯಾಗಿರುವಾಗಲೇ ತೊಳೆದು ಮುಗಿಸಬೇಕು. ಹಂಪೆಯ ಬಂಡೆಗಳು ಕಾದು ಉಗುಳುವ ಧಗೆಯಲ್ಲಿ ಗಾಜಿನ ಪಸೆಯು ಎಷ್ಟು ಕ್ಷಣ ನಿಲ್ಲೀತು? ಕಾಗದವೇ ಆ ಸೀಮೆಗೆ ಹೆಚ್ಚು ಹೊಂದುವಂಥದು. ಇನ್ನು ಮೊಳದುದ್ದದ ಹಾಳೆಯನ್ನು ನುಂಗುವ ಮರದ ಪೆಟ್ಟಿಗೆ, ಮುಕ್ಕಾಲಿ, ಔಷಧಿಯ ಸೀಸೆಗಳು, ತೊಳೆಯುವ ತಟ್ಟೆಗಳು, ನೀರಿನ ಕೊಡಗಳು, ಇವೆಲ್ಲವನ್ನೂ ಆತನೊಬ್ಬನೇ ಹೊತ್ತು ಬಂಡೆಗಳ ಮೇಲೆ ಹತ್ತಿಳಿದನೆಂದು ಯಾರೂ ನಂಬರು. ಹೊತ್ತ ಹೆಗಲುಗಳು ಕಮಲಾಪುರ ಹೊಸಪೇಟೆಗಳ ಕಡೆಯ ನಮ್ಮವರದೇ ಇದ್ದಿರಬೇಕು. ಕಾಲಿದ್ದವರು ಹಂಪೆಯನ್ನು ನೋಡಬೇಕೆಂಬ ಮಾತು ಇಲ್ಲಿ ಬೇರೊಂದು ಬಗೆಯಲ್ಲಿ ನಿಜವಾಯಿತು. ಕಾಲು ಅವರದು, ನೋಟ ಅವನದು.

ಆ ಕಾಲದ ಲೇಪಗಳು ನೀಲಿಯ ಬೆಳಕಿಗೆ ಬಹಳ ಬೇಗ ಒಲಿಯುತ್ತಿದ್ದುದರಿಂದ ಆಕಾಶವೆಲ್ಲ ಒಂದೇ ಬಿಳುಪಾಗಿ, ಮೋಡದ ಚೂರೂ ಇಲ್ಲದೆ, ಅಗಸರ ಮನೆಯಿಂದ ಬಂದ ಪಂಚೆಯಂತೆ ಹರಡಿಕೊಳ್ಳುತ್ತಿದ್ದಿತು. ಆ ಬಿಳುಪಿನೆದುರು ಹಂಪೆಯ ಬಂಡೆಗಳೂ ಮಂಟಪಗಳೂ ಒಂದೇ ಕಪ್ಪಿನಿಂದ ಎದ್ದು ನಿಲ್ಲುತ್ತವೆ. ಈ ಪಟಗಳಲ್ಲಿ ಕಲ್ಲಿನ ತೇರಿನದೂ ಒಂದಿದೆ. ಅದನ್ನು ಮೊದಲ ಸಲ ಅಚ್ಚಿನಲ್ಲಿ ಕಂಡಾಗ ಇದು ಬೇರೆ ಯಾವುದೋ ಗುಡಿಯೆಂದು ನಾನು ಹಾಳೆಯನ್ನು ತಿರುಗಿಸಿಬಿಡುವವನಿದ್ದೆನು. ಏಕೆಂದರೆ ತೇರಿನ ನೆತ್ತಿಯ ಮೇಲೆ ಇಟ್ಟಿಗೆ ಗಾರೆಗಳ ಒಂದು ಶಿಖರ ನಿಂತಿದೆ. ಅಲ್ಲಲ್ಲಿ ಶಿಥಿಲವಾದುದು ನಿಜ, ಆದರೆ ಶಿಖರವೇ. ಅದನ್ನು ಕಂಡಮೇಲೆ ಈಗಿನ ತೇರನ್ನು ನೋಡಿದರೆ, ಪೇಟ ತೆಗೆದಿಟ್ಟು ಕುಳಿತ ಮನೆಯ ಹಿರಿಯನನ್ನು ನೋಡಿದಂತಾಗುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಎಂದೋ ಆ ಶಿಖರವನ್ನು ಇಳಿಸಿಬಿಟ್ಟರು. ಕೆಳಗಿನ ಕಲ್ಲಿಗೆ ಭಾರವಾದೀತೆಂಬುದೋ, ಇಟ್ಟಿಗೆ ಉದುರೀತೆಂಬುದೋ, ಇಳಿಸಿದವರ ಕಾರಣ ಒಳ್ಳೆಯದೇ ಇದ್ದೀತು. ಆದರೆ ಇಂದು ಕರ್ನಾಟಕದ ಪ್ರವಾಸದ ಲಾಂಛನವೆಂಬಂತೆ ಕ್ಯಾಲೆಂಡರುಗಳಲ್ಲಿ, ಬಸ್ಸಿನ ಬೆನ್ನಿನ ಮೇಲೆ, ಮದುವೆಯ ಛತ್ರದ ಪರದೆಯ ಮೇಲೆ ಎಲ್ಲೆಲ್ಲಿಯೂ ಕಾಣುವ ಆ ಸಪಾಟು ನೆತ್ತಿಯ ತೇರು ವಿಜಯನಗರದ ಅರಸರು ಕಂಡ ತೇರಲ್ಲ. ಕೃಷ್ಣದೇವರಾಯನು ಕಳಿಂಗದ ದಂಡಯಾತ್ರೆಯಲ್ಲಿ ಕೋಣಾರ್ಕವನ್ನು ಕಂಡು ಬಂದು ಇದನ್ನು ಮಾಡಿಸಿದನೆಂಬ ಜನರ ಮಾತು ನಿಜವೇ ಆಗಿದ್ದರೂ, ಅವನು ಎದ್ದು ಬಂದರೆ ತನ್ನ ತೇರನ್ನು ತಾನೇ ಗುರುತಿಸುವ ಮುನ್ನ ಒಂದು ಗಳಿಗೆ ಅನುಮಾನಿಸಿಯಾನು.

ಗ್ರೀನ್‌ಲಾನ ಅನಂತರ ಬಂದವರ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು, ಪಿಗೂ, ನೀಲ್, ಬಿಗ್ಸ್ ಎಂಬುವರ ಪಟಗಳೊಡನೆ, ಮೆಡೋಸ್ ಟೇಲರನ ಚರಿತ್ರೆಯನ್ನೂ ಫರ್ಗ್ಯೂಸನನ ವಿವರಣೆಯನ್ನೂ ಕೂಡಿಸಿಕೊಂಡ ದೊಡ್ಡ ಸಂಪುಟವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1868ರ ಸುಮಾರಿಗೆ ಎಡ್ಮಂಡ್ ಲಯನ್ ಎಂಬಾತನು ಮದ್ರಾಸು ಸರ್ಕಾರದ ಪರವಾಗಿ ಬಂದು ಗಾಜಿನ ಹಲಗೆಗಳ ಮೇಲೆ ಹಂಪೆಯನ್ನು ಹಿಡಿದನು. 1900ರಲ್ಲಿ ರಾಬರ್ಟ್ ಸೆವೆಲನು ‘ಮರೆತುಹೋದ ಸಾಮ್ರಾಜ್ಯ’ವೆಂದು ಹೆಸರಿಟ್ಟು ವಿಜಯನಗರದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದನು, 1917ರಲ್ಲಿ ಪುರಾತತ್ತ್ವ ಇಲಾಖೆಯ ಲಾಂಗ್‌ಹರ್ಸ್ಟನು ಹಾಳುಗಳ ನಡುವೆ ತಿರುಗಾಡುವವರಿಗೆಂದು ಚಿತ್ರಸಹಿತವಾದ ಕೈಪಿಡಿಯನ್ನು ಹೊರಡಿಸಿದನು. ನನ್ನ ಅಭಿಪ್ರಾಯದಲ್ಲಿ ಈ ಕೈಪಿಡಿಗಳು ಮಾಡಿದ ಕೆಲಸವು ಸಾಮಾನ್ಯವಾದುದಲ್ಲ. ಮೈಲಿಗಟ್ಟಲೆ ಹರಡಿದ್ದ ಹಾಳೂರಿನೊಳಗಿನಿಂದ ಹತ್ತಿಪ್ಪತ್ತು ನೋಟಗಳನ್ನು ಆರಿಸಿ, ಕಲ್ಲಿನ ತೇರು, ಕಮಲ ಮಹಲು, ಹನ್ನೊಂದು ಅಂಕಣದ ಗಜಶಾಲೆ, ಉಗ್ರನರಸಿಂಹ, ರಾಣಿಯ ಸ್ನಾನಗೃಹ, ಇವೇ ಹಂಪೆ ಎಂಬ ಒಂದು ಪಟ್ಟಿಯನ್ನು ಅವು ಸ್ಥಿರಪಡಿಸಿದುವು. ಇಂದಿನ ಪ್ರವಾಸಿಯ ಕೈಯಲ್ಲಿರುವ ಫೋನು ಯಾವ ದೇಶದ್ದೇ ಆಗಲಿ, ಅದು ನಡೆಯುವ ಹಾದಿ ಆ ಹಳೆಯ ಪಟ್ಟಿಯದೇ. ಪಟ್ಟಿಯಲ್ಲಿಲ್ಲದ ಮಾಲ್ಯವಂತದ ಹಿಂಬದಿಯನ್ನಾಗಲಿ, ತುರುತ್ತು ಕಾಲುವೆಯ ನೀರು ಇಂದಿಗೂ ಬಾಳೆಯ ತೋಟಗಳಿಗೆ ಹರಿಯುವುದನ್ನಾಗಲಿ ಹಿಡಿದವರನ್ನು ಬೆರಳಿನಲ್ಲಿ ಎಣಿಸಬಹುದು. ಅರಸರ ಅರಮನೆ ಬಿದ್ದು ಮಣ್ಣಾಯಿತು, ಅವರು ತೋಡಿಸಿದ ಕಾಲುವೆ ಇನ್ನೂ ದುಡಿಯುತ್ತಿದೆ; ಅದನ್ನು ನೋಡುವವರಿಲ್ಲ.

ಕನ್ನಡಿಗರಾದರೋ ಹಂಪೆಯನ್ನು ಮೊದಲು ಕಂಡುದು ಕ್ಯಾಮೆರಾದಿಂದಲ್ಲ. 1905ರಲ್ಲಿ ಆಲೂರು ವೆಂಕಟರಾಯರು ಆನೆಗೊಂದಿ ಹಂಪೆಗಳಿಗೆ ಬಂದು, ಆ ದರ್ಶನದಿಂದ ತಮ್ಮ ಬಾಳಿನ ದಿಕ್ಕೇ ತಿರುಗಿತೆಂದು ಹೇಳಿಕೊಂಡರು, ವಿ. ಸೀತಾರಾಮಯ್ಯನವರು ‘ಪಂಪಾಯಾತ್ರೆ’ಯನ್ನು ಬರೆದರು, 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವು ನಡೆಯಿತು. ಬಳ್ಳಾರಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ 1953ರ ಅಕ್ಟೋಬರ್ 1ರವರೆಗೂ ಹಂಪೆ ಮದ್ರಾಸಿನವರ ಸೊತ್ತು. ಅದೇ ವರ್ಷ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಬಿಟ್ಟಮೇಲೆ, ಒಂದೇ ದಿನದಲ್ಲಿ ಹಳೆಯ ರಾಜಧಾನಿಯನ್ನೂ ಹೊಸ ಜಲಾಶಯವನ್ನೂ ನೋಡಿ ಮುಗಿಸುವ ಶಾಲಾ ಪ್ರವಾಸಗಳು ಬುತ್ತಿಗಂಟುಗಳೊಡನೆ ಹೊರಡತೊಡಗಿದವು.

ನಮ್ಮ ಮನೆಯವರೂ ಹಾಗೆಯೇ ಹೊರಟೆವು. ನನ್ನ ಸೋದರಮಾವನು ಅಗ್ಫಾ ಕ್ಲಿಕ್ ಕ್ಯಾಮೆರಾ ಒಂದನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದನು. ಅದರ ಮೂತಿಯ ಮೇಲೆ ಸೂರ್ಯ, ಮೋಡ ಎಂಬ ಗುರುತುಗಳು, ಒಳಗೆ ಹನ್ನೆರಡು ಪಟಗಳ ಒಂದು ರೀಲು. ಹನ್ನೆರಡೇ ಎಂದಮೇಲೆ ಅದಕ್ಕೊಂದು ಅರ್ಥಶಾಸ್ತ್ರವಿರಬೇಕಷ್ಟೆ. ದೇವರ ಗೋಪುರಕ್ಕೊಂದು, ಸಾಸಿವೆಕಾಳು ಗಣಪನಿಗೊಂದು, ನರಸಿಂಹನಿಗೊಂದು, ಅಣೆಕಟ್ಟಿಗೆ ಎರಡು ಎಂದು ಹೊಸಪೇಟೆಯ ಖಾನಾವಳಿಯಲ್ಲಿಯೇ ಹಂಚಿಕೆಯಾಯಿತು. ಎಲ್ಲರೂ ಕೂಡಿ ನಿಲ್ಲುವ ಪಟ ಮಾತ್ರ ತೇರಿನ ಮುಂದೆಯೇ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ರೀಲು ತೊಳೆಸಿದಾಗ ಹನ್ನೆರಡರಲ್ಲಿ ಎಂಟು ಬಂದವು. ಸ್ಟುಡಿಯೋದವನು ಮಾವನನ್ನು ದೂರಿದನು, ಮಾವನು ಸ್ಟುಡಿಯೋದವನನ್ನು ದೂರಿದನು. ತೇರಿನದು ಬಂದಿತು, ಆದರೆ ಓರೆಯಾಗಿ: ತಂದೆಯವರ ಅರ್ಧ ಭುಜ ಹೊರಗೆ, ಅತ್ತೆಯ ಕಣ್ಣು ಮುಚ್ಚಿದೆ, ನಾನು ಆನೆಯ ಬೆನ್ನಿನ ಮೇಲೆ ಅರಸನಂತೆ ಕುಳಿತಿದ್ದೇನೆ. ಈಗ ತೇರನ್ನು ಯಾರೂ ಮುಟ್ಟದಂತೆ ಸುತ್ತ ತಡೆ ಹಾಕಿರುವುದನ್ನು ಕಂಡಾಗಲೆಲ್ಲ ನನಗೆ ಆ ಪಟ ನೆನಪಾಗಿ ಸ್ವಲ್ಪ ನಾಚಿಕೆಯಾಗುತ್ತದೆ. ನನ್ನಂತಹವರು ಹತ್ತಿ ಕುಳಿತದ್ದರಿಂದಲೇ ಆ ತಡೆ ಬೇಕಾಯಿತು. ಪಟದ ಎಡದ ಅಂಚಿನಲ್ಲಿ, ಮಾವನು ಹಿಡಿಯಬೇಕೆಂದುಕೊಳ್ಳದ ಒಬ್ಬ ಹೆಂಗಸು ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು, ಎರಡು ಆಡುಗಳೊಡನೆ ಅಂಗಳವನ್ನು ದಾಟುತ್ತಿದ್ದಾಳೆ. ನಮ್ಮ ಮನೆಯವರ ಮುಖಗಳು ಬೇರೆ ಪಟಗಳಲ್ಲಿಯೂ ಇವೆ. ವಿಠಲನ ಗುಡಿಯ ಅಂಗಳವು ಕಟ್ಟಿಗೆ ತರುವವರ ಕಾಲುದಾರಿಯೂ ಆಗಿದ್ದ ಕಾಲವೊಂದಿತ್ತೆಂಬುದಕ್ಕೆ ನನ್ನಲ್ಲಿರುವ ಸಾಕ್ಷಿ ಇದೊಂದೇ.

ಗ್ರೀನ್‌ಲಾನ ನೆಗೆಟಿವುಗಳೂ ಎಲ್ಲರ ಕಣ್ಣಿನಿಂದ ಮರೆಯಾಗಿದ್ದು, ಒಂದು ಶತಮಾನಕ್ಕೂ ಹೆಚ್ಚಿನ ಕಾಲ ಕಳೆದ ಮೇಲೆ, 1980ರ ಹೊತ್ತಿಗೆ ಲಂಡನ್ನಿನಲ್ಲಿ ಬೆಳಕಿಗೆ ಬಂದವು. ಸುಮಾರು ಅರುವತ್ತು ಹಾಳೆಗಳು. ಅದೇ ಕಾಲದಲ್ಲಿ ಜಾರ್ಜ್ ಮಿಷೆಲ್, ಜಾನ್ ಫ್ರಿಟ್ಜ್ ಎಂಬ ವಿದ್ವಾಂಸರು ಹಂಪೆಯಲ್ಲಿ ಬೀಡುಬಿಟ್ಟು ಅಳತೆಯ ಕೆಲಸವನ್ನು ನಡೆಸುತ್ತಿದ್ದರು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸನು 1983ರಲ್ಲಿ ಆ ಹಳೆಯ ಪಟಗಳನ್ನು ಮುಂದಿಟ್ಟುಕೊಂಡು, ಗ್ರೀನ್‌ಲಾ ಮುಕ್ಕಾಲಿಯನ್ನು ಊರಿದ್ದ ಜಾಗಗಳಲ್ಲಿಯೇ ತನ್ನದನ್ನು ಊರಿ, ಅವೇ ನೋಟಗಳನ್ನು ಮತ್ತೆ ಹಿಡಿದನು. ಕೇಳುವುದಕ್ಕೆ ಸುಲಭವಾದ ಈ ಕೆಲಸ ಮಾಡುವುದಕ್ಕೆ ಸುಲಭವಲ್ಲ. ಹತ್ತಿರದ ಕಂಬದ ತುದಿಯು ದೂರದ ಬಂಡೆಯ ಯಾವ ಬಿರುಕಿಗೆ ತಾಗಿ ನಿಂತಿದೆಯೆಂಬುದನ್ನು ಹಳೆಯ ಪಟದಲ್ಲಿ ನೋಡಿಕೊಂಡು, ಒಂದು ಹೆಜ್ಜೆ ಎಡಕ್ಕೆ, ಅರ್ಧ ಹೆಜ್ಜೆ ಹಿಂದಕ್ಕೆ, ಒಂದು ಗೇಣು ಕೆಳಕ್ಕೆ ಸರಿಯುತ್ತ ಬಂದರೆ, ಒಂದು ನೆಲೆಯಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಅಲ್ಲಿಯೇ ಆ ಹಳಬನ ಕಣ್ಣು ಇದ್ದುದು. ಹಂಪೆಯ ಬಂಡೆಗಳು ಕದಲುವ ಜಾತಿಯವಲ್ಲವಾದುದರಿಂದ ಈ ಲೆಕ್ಕ ಅಲ್ಲಿ ಚೆನ್ನಾಗಿ ಕೂಡುತ್ತದೆ. ಜೋಡಿ ಪಟಗಳನ್ನು ಅಕ್ಕಪಕ್ಕ ಇಟ್ಟಾಗ ಬಂಡೆ ಅದೇ, ಕಂಬ ಅದೇ. ತೇರಿನ ಶಿಖರ ಮಾತ್ರ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಗ್ರೀನ್‌ಲಾನ ಹಾಳೆಗಳು ಈಗ ಅಲ್ಕಾಜಿ ಸಂಗ್ರಹದಲ್ಲಿ ಸೇರಿ, 2008ರಲ್ಲಿ ಮಿಷೆಲನ ಸಂಪಾದಕತ್ವದಲ್ಲಿ ಗ್ರಂಥರೂಪವನ್ನೂ ಪಡೆದಿವೆ.

ಇದ್ದುದು ಹೋದಂತೆಯೇ ಇಲ್ಲದುದು ಬಂದುದೂ ಉಂಟು. ಅರಮನೆಯ ಆವರಣದಲ್ಲಿ ಕರಿಯ ಕಲ್ಲಿನ ಮೆಟ್ಟಿಲುಗಳು ಗಣಿತದ ಪಾಠದಂತೆ ಇಳಿಯುವ ಪುಷ್ಕರಣಿಯನ್ನು ಹಿಡಿಯದ ಪ್ರವಾಸಿ ಇಂದು ಇಲ್ಲ. ಹಳೆಯ ಪಟಗಳಲ್ಲಿ ಅದನ್ನು ಹುಡುಕಿ ಫಲವಿಲ್ಲ, ಏಕೆಂದರೆ 1980ರ ದಶಕದಲ್ಲಿ ಅಗೆದು ತೆಗೆಯುವವರೆಗೂ ಅದು ಮಣ್ಣಿನೊಳಗೆ ಮಲಗಿದ್ದಿತು. 1528ರಲ್ಲಿ ಪ್ರತಿಷ್ಠೆಯಾದ ಉಗ್ರನರಸಿಂಹನ ಮೊಣಕಾಲುಗಳನ್ನು ಬಿಗಿದಿರುವ ಯೋಗಪಟ್ಟವೂ ಅದೇ ದಶಕದ ಜೀರ್ಣೋದ್ಧಾರದ ಸೇರ್ಪಡೆ. ತೊಡೆಯ ಮೇಲಿದ್ದ ಲಕ್ಷ್ಮಿಯನ್ನು ಕೆಡಹಿದವರು ಸ್ವಾಮಿಯ ಬೆನ್ನನ್ನು ಬಳಸಿದ್ದ ಆಕೆಯ ಕೈಯನ್ನು ಮರೆತುಹೋದರು. ಹಿಂದಕ್ಕೆ ಹೋಗಿ ನೋಡಿದರೆ ಅದು ಈಗಲೂ ಅಲ್ಲಿದೆ. ಎದುರಿಗೆ ನಿಂತು ಪಟ ಹಿಡಿದು ಹೊರಟುಹೋಗುವವರಿಗೆ ಅದು ಕಾಣುವುದಿಲ್ಲ.

ಪಟ ಹಿಡಿಯುವವರಲ್ಲಿ ಒಂದು ದುರಾಸೆಯುಂಟು: ನೋಟದೊಳಗೆ ಮತ್ತೊಬ್ಬ ಮನುಷ್ಯ ಇರಕೂಡದೆಂಬುದು. ಗ್ರೀನ್‌ಲಾನ ಕಾಲದ ನಿಧಾನದ ಕಾಗದವು ಓಡಾಡುವವರನ್ನು ತಾನಾಗಿಯೇ ಅಳಿಸಿಹಾಕುತ್ತಿದ್ದಿತು. ಈಗಿನವರು ಎಲ್ಲರೂ ಸರಿದು ಹೋಗಲೆಂದು ಕಾಯುತ್ತಾರೆ, ಇಲ್ಲವೆ ಫೋನಿನೊಳಗಿನ ಬೆರಳಿನಿಂದ ಅಳಿಸುತ್ತಾರೆ. ಯುನೆಸ್ಕೊ ಸಂಸ್ಥೆಯು ಹಂಪೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದು 1986ರಲ್ಲಿ. ವಿರೂಪಾಕ್ಷನ ರಥಬೀದಿಯ ಸಾಲುಮಂಟಪಗಳಲ್ಲಿ ಬಹುಕಾಲದಿಂದ ಅಂಗಡಿ, ಮನೆ, ಹೋಟೆಲುಗಳನ್ನು ಹೂಡಿಕೊಂಡಿದ್ದವರನ್ನು 2011ರ ಜುಲೈಯಲ್ಲಿ ಎಬ್ಬಿಸಿ, ಕಟ್ಟಿಕೊಂಡುದನ್ನು ಕೆಡವಲಾಯಿತು. ಸ್ಮಾರಕಕ್ಕೆ ಹಾನಿಯಾಗುತ್ತಿದ್ದುದು ನಿಜ, ಕಾನೂನಿನ ಆಜ್ಞೆ ಇದ್ದುದೂ ನಿಜ. ಆದರೆ ಪಾಯೆಸನು ಕಂಡ ಬೀದಿಗಳಲ್ಲಿ ಮುತ್ತು ರತ್ನಗಳಿಂದ ಹಿಡಿದು ಕಾಯಿಪಲ್ಯದವರೆಗೆ ಎಲ್ಲವೂ ಮಾರಾಟವಾಗುತ್ತಿದ್ದಿತಲ್ಲವೆ? ಈಗ ಗೋಪುರದಿಂದ ನಂದಿಯವರೆಗೆ ಬೀದಿಯು ನಿರ್ಮಲವಾಗಿದೆ, ಪಟಕ್ಕೆ ಬಹಳ ಸೊಗಸಾಗಿ ಬರುತ್ತದೆ. ನನಗಾದರೋ ಅದು ಜಾತ್ರೆ ಮುಗಿದ ಮರುದಿನದ ಬಯಲಿನಂತೆ ತೋರುತ್ತದೆ. ದೇವಾಲಯದ ಆನೆ ಲಕ್ಷ್ಮಿಯೊಬ್ಬಳು ಮಾತ್ರ ಕಾಸು ಪಡೆದು ಎಲ್ಲರ ತಲೆಯ ಮೇಲೂ ಸೊಂಡಿಲಿಟ್ಟು, ಎಲ್ಲರ ಪಟಗಳಿಗೂ ಬೇಸರವಿಲ್ಲದೆ ನಿಲ್ಲುತ್ತಾಳೆ.

2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಕಲ್ಲಿನ ತೇರು ಇದೆ. ಆ ದಿನ ಅಂಗಳದಲ್ಲಿ ನಾನು ಕಂಡ ಮೊಮ್ಮಕ್ಕಳಲ್ಲಿ ಒಬ್ಬ ಹುಡುಗನು ಆ ನೋಟನ್ನು ಕೈಚಾಚಿ ಹಿಡಿದು, ನೋಟಿನ ತೇರೂ ನಿಜವಾದ ತೇರೂ ಒಂದರ ಪಕ್ಕ ಒಂದು ಬರುವಂತೆ ಪಟ ತೆಗೆಸಿಕೊಂಡನು. ಎರಡೂ ಹೋಲುತ್ತಿದ್ದುವು. ಎರಡಕ್ಕೂ ಶಿಖರವಿರಲಿಲ್ಲ. ಅಜ್ಜಿಯ ಪಟವೂ ಕೊನೆಗೆ ಆಯಿತು. ಮಗನು ಸೋತು, ಆಕೆ ಕೈಮುಗಿದು ನಿಂತಂತೆಯೇ ಹಿಂದಿನಿಂದ ತೆಗೆದನು.

ನಮ್ಮ ಮನೆಯ ಆ ಓರೆ ಪಟದ ಬೆನ್ನಿನ ಮೇಲೆ ತಂದೆಯವರು ಸೀಸದ ಕಡ್ಡಿಯಿಂದ ‘ಹಂಪೆ, ದಸರಾ ರಜೆ’ ಎಂದಷ್ಟೇ ಬರೆದಿಟ್ಟಿದ್ದಾರೆ. ಯಾವ ದಸರೆ ಎಂಬುದನ್ನು ಅಕ್ಕನ ಲಂಗದ ಉದ್ದದಿಂದ ನಾವು ಈಗಲೂ ವಾದಿಸುತ್ತಿದ್ದೇವೆ; ಅವಳ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ನಾಲ್ಕು ವರ್ಷಗಳ ಅಂತರವಿದೆ, ಕಟ್ಟಿಗೆಯ ಹೊರೆಯ ಆ ಹೆಂಗಸನ್ನು ಯಾವ ವರ್ಷಕ್ಕೆ ಸೇರಿಸಬೇಕೋ ತಿಳಿಯದು. ಫೋನು ತಾರೀಖನ್ನು ತಾನೇ ಗುರುತಿಟ್ಟುಕೊಳ್ಳುತ್ತದೆಂದು ನೀವು ಹೇಳಬಹುದು. ಪಟವು ಒಬ್ಬರ ಕೈಯಿಂದೊಬ್ಬರ ಕೈಗೆ ದಾಟುವಾಗ ಆ ಗುರುತು ಕಳಚಿಹೋಗುವುದುಂಟು. ಆದುದರಿಂದ ಹಂಪೆಗೆ ಹೋಗುವ ವಾಚಕರಲ್ಲಿ ನನ್ನದೊಂದು ವಿನಂತಿ: ತೇರಿನ ಮುಂದೆ ಧಾರಾಳವಾಗಿ ನಿಲ್ಲಿರಿ, ಪಟದ ಅಂಚಿನಲ್ಲಿ ಯಾರಾದರೂ ದಾಟಿಹೋಗುತ್ತಿದ್ದರೆ ಅವರನ್ನು ಅಳಿಸಬೇಡಿರಿ, ಮನೆಗೆ ಬಂದಮೇಲೆ ಒಂದನ್ನಾದರೂ ಕಾಗದಕ್ಕೆ ಇಳಿಸಿ ಅದರ ಬೆನ್ನಿನ ಮೇಲೆ ತಿಂಗಳನ್ನೂ ವರ್ಷವನ್ನೂ ಬರೆದಿಡಿರಿ.